ಕೀಲಿ ಒಡದದ್ದಕ್ಕ ವಿವರಣೆ

ಮಾನ್ಯ ಹೆಡ್ ಮಾಸ್ತರರಿಗಿ,
ಬಿಸಿಯೂಟದ ನಾಗಿಂದ್ರಮ್ಮ ಹೇಳಿ ಬರೆಸಿದ್ದು.
ಬರಿಲತ್ತಾಕಿ ಏಳನೇತ್ತಾ ರಾಬಿಯಾ.
ಅಕ್ಷರ ತಪ್ಪಿದ್ರ ಆಕಿದು, ಉಳಿದ ತಪ್ಪು ನಂದು.

ನೋಟೀಸಿನಾಗ ಕೇಳೀರಿ:
ಉಗ್ರಾಣದ ಕೀಲಿ ಯಾರು ಒಡದರು,
ಅಕ್ಕಿ ಎರಡು ಕ್ವಿಂಟಲ್ ಎಲ್ಲಿ ಹೋಯ್ತು,
ತೊಗರಿ ಬ್ಯಾಳಿ, ಎಣ್ಣಿ ಪಾಕೀಟು ಎಲ್ಲಿ ಹೋದವು.

ನಾನೇ ಒಡದೀನಿ. ರುಬ್ಬೋ ಗುಂಡಿಲೆ.
ಮೂರನೇ ಏಟಿಗಿ ಬಿಟ್ಟಿತು.

ನೀವು ಅವತ್ತು ಕಲಬುರಗಿದಾಗ ಇದ್ರಿ,
ಫೋನ್ ಹಚ್ಚೀದಿವಿ, ಹತ್ತಲಿಲ್ಲ.
ಒಂಬತ್ತಕ್ಕ ಭೀಮಾ ಹೊಳಿ ಅಗಸಿ ಬಾಗಲದಾಗ ನಿಂತಿತ್ತು
ಬೀಗರ ಮನಿಗಿ ಬಂದವರಂಗ, ಒಳಗ ಬರಲೋ ಬ್ಯಾಡೋ ಅಂತ.
ಹನ್ನೊಂದಕ್ಕ ಕೇಳಲಿಲ್ಲ, ಬಂದೇ ಬಿಟ್ಟಿತು.
ಊರಾಗ ಒಣಾ ನೆಲ ಅಂದ್ರ ದಿಬ್ಬದ ಮ್ಯಾಲಿನ ಸಾಲಿ.
ಎಮ್ಮಿ ಹಗ್ಗ ಹಿಡಕೊಂಡು ಬಂದರು, ಟಿವಿ ಹೊತಗೊಂಡು ಬಂದರು,
ಗೌಡರ ಕಲ್ಲೂಬಾಯಿ ಬರೇ ಒಂದು ಉಪ್ಪಿನಕಾಯಿ ಭರಣಿ ಹಿಡಕೊಂಡು.
ಯಾಕ ಅಂತ ಆಕಿಗೂ ಗೊತ್ತಿರಲಿಲ್ಲ.

ಹನ್ನೊಂದು ವರ್ಷ ಆಯ್ತು,
ಮ್ಯಾಗಿನ ಓಣಿ ಮಕ್ಕಳಿಗಿ ಉಣಿಸಲತ್ತೀನಿ.
ಅವರ ಅವ್ವ ಅಪ್ಪಗ ಉಣಿಸಿದ್ದು ಅದೇ ಮೊದಲ್ನೇ ಸಲ.
ಕತ್ತಲಿತ್ತು. ಯಾರ ಮಗ್ಗಲ ಯಾರು ಕೂತಾರ ಕಾಣಿಸಲಿಲ್ಲ.
ಜಟ್ಟೆಪ್ಪನ ತಾಟಿನಾಗ ಲಾಡ್ಲೇಸಾಬನ ಮೊಮ್ಮಗಳು ಕೈ ಹಾಕಿದಳು,
ಅಂವ ಅನ್ನ ಆಕಿ ಕಡಿಗಿ ಸರಸಿದ.
ಬದುವಿನ ಸಲುವಾಗಿ ಆ ಎರಡು ಮನಿಯವ್ರು
ಕೋರ್ಟಿಗಿ ಅಡ್ಡಾಡಲತ್ತು ಒಂಬತ್ತು ವರ್ಷ.
ಆ ಬದು ಅವತ್ತು ನೀರಾಗಿತ್ತು.

ಎರಡನೇ ದಿನಾನೂ ಹಂಗೇ.
ಮೂರನೇ ದಿನ ಹೊಳಿ ಒಂದು ಗೇಣು ಇಳೀತು.
ಸಾಲಿ ವರಾಂಡದಾಗ ಜನರ ನಡುವ
ಒಂದು ಗೇಣು ಜಾಗಾ ಬಿತ್ತು.
ಸಂಜೀಗಿ ಮೊಳ ಇಳೀತು.
ಮ್ಯಾಗಿನ ಓಣಿಯವ್ರು ಆರನೇತ್ತಾ ಖೋಲಿ ಹಿಂದ
ಬ್ಯಾರೆ ಒಲಿ ಹೂಡಿದರು.
ಅಕ್ಕಿ ಮಾತ್ರ ನನ್ನ ಬಲ್ಲಿಂದೇ ಒಯ್ದರು, ಸಾಹೇಬ್ರ,
ಅದಕ್ಕೇ ಎರಡು ಕ್ವಿಂಟಲ್.
ರಾತ್ರಿ ಕಲ್ಲೂಬಾಯಿ ಅತ್ತಿ, ಹಲ್ಲಿಲ್ಲದ ಮುದುಕಿ,
ಮೊಮ್ಮಗನ ಕೈಯಾಗ ಬಟ್ಟಲು ಕೊಟ್ಟು ಕಳಿಸಿದಳು:
‘ಅಲ್ಲಿ ಬ್ಯಾಳಿ ಬೇಯಂಗಿಲ್ಲ, ನಿಂದೇ ಹಾಕು, ಯಾರಿಗೂ ಹೇಳಬ್ಯಾಡ.’
ಹೇಳಿರಲಿಲ್ಲ. ಈಗ ಲೆಕ್ಕ ಕೇಳೀರಿ ಅಂತ ಹೇಳಲತ್ತೀನಿ.

ನಾಕನೇ ದಿನ ಸೇಡಂ ಕಡಿಂದ ಟೆಂಪೋ ಬಂತು.
ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಹಳೀ ಚಾದರ.
ಮೂರು ಮೂರು ಚಾದರ ಒಯ್ದವ್ರು ಅದಾರ,
ಹೆಸರು ಬರೆಸಂಗಿಲ್ಲ. ಚಳಿ ಇತ್ತು.
ರೊಟ್ಟಿ ಗಂಟು ಬಿಚ್ಚಾಕಿ ನಾನೇ.
ಬಡದ ಕೈ ನೋಡಿದ್ರ ಗೊತ್ತಾಗ್ತದ:
ಇದು ಅವಸರದಾಕಿದು, ಇದು ಎಡಚಿ ಬಡದದ್ದು,
ಇದು ಮನಸಿಲ್ಲದಾಕಿದು, ಮಂದಿ ಕೊಟ್ಟರು ಅಂತ ಕೊಟ್ಟದ್ದು
(ಅದೂ ಹೊಟ್ಟಿ ತುಂಬಸ್ತದ).
ನಡುವ ಅಂಗೈಯಷ್ಟು ಒಂದು ರೊಟ್ಟಿ,
ಸೊಟ್ಟ, ಒಂದು ಕಡಿ ದಪ್ಪ, ಒಂದು ಕಡಿ ಸುಟ್ಟದ್ದು.
ಯಾವದೋ ಪೋರಿ ಕಲಿಲತ್ತಾಳ,
ಅವ್ವ ‘ಇದನ್ನೂ ಇಡು’ ಅಂದಿರಬೇಕು.
ಅದನ್ನ ಯಾರಿಗೂ ನೀಡಲಿಲ್ಲ, ನಾನೇ ತಿಂದೀನಿ.
ಇದು ಯಾವ ಕಾಲಮಿನಾಗ ಬರತದ, ನೀವೇ ಹೇಳ್ರಿ.

ಈಗ ಊರು ಒಣಗ್ಯಾದ.
ಜಟ್ಟೆಪ್ಪ, ಲಾಡ್ಲೇಸಾಬ ತಾರೀಖಿಗಿ ಹೋಗಿ ಬಂದರು,
ಒಂದೇ ಬಸ್ಸಿನಾಗ ಹೋದರಂತ,
ಟಿಕೀಟು ಯಾರು ತಗೊಂಡರೋ ಗೊತ್ತಿಲ್ಲ.
ಕಲ್ಲೂಬಾಯಿ ಎದುರಿಗಿ ಬಂದ್ರ
ನನ್ನ ಕಾಲಾಗಿನ ಚಪ್ಪಲಿ ನೋಡಿ ಹೋಗ್ತಾಳ.
ಸಿಟ್ಟಿಲ್ಲ ನನಗ.
ಉಂಡದ್ದು ಮರೀಲಿಕ್ಕೂ ಶಕ್ತಿ ಬೇಕು.

ಕೀಲಿ ರೊಕ್ಕ ಪಗಾರದಾಗ ಮುರಕೋರಿ.
ಹೊಸಾದು ತಂದ್ರ
ಒಂದು ಕೀಲಿಕೈ ನನ್ನ ಬಲ್ಲಿ ಇರಲಿ.
ಇಲ್ಲಂದ್ರೂ ನಡೀತದ,
ಗುಂಡು ಅಲ್ಲೇ ಒಲಿ ಮಗ್ಗಲ ಅದ.

ಇಂತಿ, ಹೆಬ್ಬಟ್ಟು.